ಹಳೇ ಬಳ್ಳಿಗೆ ವೈನು ಕುಡಿಸಿದ ಚೌರಪ್ಪ

ಬನ್ನಿ ಮಕ್ಳಾ, ಹತ್ರ ಬನ್ನಿ. ಅಂಗಡಿ ಬಾಟ್ಲಿ ವೈನಿನ ಮಾತು ನನ್ನ ಮುಂದೆ ಎತ್ತಬೇಡಿ! ದ್ರಾಕ್ಷಿ ಸುಗ್ಗಿ ಬಂತು ಅಂದ್ರೆ ಇಡೀ ಕೇರಿ ಘಮ್ಮಂತಿದ್ದ ಕಾಲ ನಂದು. ಆಗ ನಮ್ಮ ಕೇರೀಲಿ ಆರೋಗ್ಯಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ, ಇದ್ದೊಬ್ಬ ಮಗ ಚೌರಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಲ್ಲೇ ನಿಂತಿತ್ತು.

ಅವಳ ಹಿತ್ತಲಲ್ಲಿ ಮಾವ ನೆಟ್ಟ ದ್ರಾಕ್ಷಿ ಬಳ್ಳಿ. ಬುಡ ತೊಡೆ ಗಾತ್ರ. ಹಣ್ಣು ಕಮ್ಮಿ, ಆದ್ರೆ ಅದರ ವೈನು! ಕೆಂಪಂದ್ರೆ ಕೆಂಪು! ಈಗಲೂ ನಾಲಿಗೆ ನೆನೆಸ್ಕೊಳ್ಳುತ್ತೆ ಕಣ್ರೋ.

ಗಂಡನ ಅಣ್ಣ ರಾಯಪ್ಪ ಇದ್ದನಲ್ಲ, ಜಾಗ ಅವನದು. "ಮುದಿ ಬಳ್ಳಿ, ಕಡಿದು ಗುಲಾಬಿ ಹಾಕ್ತೀನಿ" ಅಂತ ಪಟ್ಟು ಹಿಡಿದ.

ಆರೋಗ್ಯಮ್ಮ ಕೈಮುಗಿದಳು. "ಭಾವ, ಮಾವ ಹಾಕಿಟ್ಟ ಕೊನೇ ಜಾಡಿ ಒಂದಿದೆ. ಹಬ್ಬಕ್ಕೆ ಬಂದು ಒಂದು ಲೋಟ ಕುಡೀರಿ. ಆಮೇಲೂ ಮನಸ್ಸು ಬಂದ್ರೆ ಕಡೀರಿ."

"ಸರಿ, ಬರ್ತೀನಿ" ಅಂದ ರಾಯಪ್ಪ.

ಅಷ್ಟರಲ್ಲಿ ಹಣ್ಣಾಯ್ತು. "ಚೌರಾ, ಹಣ್ಣು ಕಿತ್ತು ತಂದು ಹಾಕೋ" ಅಂದಳು. ಕಿತ್ತ, ತಂದ, ಅಂಗಳದಲ್ಲಿ ಹಾಕಿದ. ಕೋಳಿಗಳು ಮುಕ್ಕಿದವು!

ವೈನು ಹಾಕೋ ಜಾಡಿ ತೋರಿಸಿ ಆರೋಗ್ಯಮ್ಮ ಬೈದಳು. "ಅಯ್ಯೋ ಪೆದ್ದೇ! ಮನೆಗೆ ಬಂದಿದ್ದನ್ನ ಬಾಯಿಗೆ ಬಟ್ಟೆ ಕಟ್ಟಿ, ನೊರೆ ಬರೋವರೆಗೂ ಕತ್ತಲೆ ಕೋಣೇಲಿ ಇಡಬೇಕು ಕಣೋ!"

"ಹೂಂ ಅಮ್ಮಾ, ಹಂಗೇ ಮಾಡ್ತೀನಿ."

ಮಾರನೇ ದಿನ ಮನೆಗೆ ಬಂದೋರು ಚರ್ಚಿನ ಉಪದೇಶಿ ಇನ್ನಾಸಪ್ಪನೋರು. ಆರೋಗ್ಯಮ್ಮ ನೀರು ಸೇದ್ಕೊಂಡು ಬಂದು ನೋಡ್ತಾಳೆ, ಉಪದೇಶಿಗಳು ಕತ್ತಲೆ ಕೋಣೇಲಿ, ಬಾಯಿಗೆ ಟವೆಲ್ಲು!

"ಇನ್ನೂ ನೊರೆ ಬಂದಿಲ್ಲಮ್ಮಾ" ಅಂದ ಚೌರಪ್ಪ.

"ಥೂ ನಿನ್ನ! ದೊಡ್ಡೋರು ಬಂದ್ರೆ ಕಟ್ಟಿ ಹಾಕೋದಲ್ಲ, ಜೊತೆಗೆ ಕೂತು ಕುಡಿಯೋದು ಕಲಿಯೋ! ನಿಮ್ಮ ತಾತ ಹೆಂಗೆ ಕುಡೀತಿದ್ರು? ಮೊದಲು ಮೂಸೋರು, ಬಾಯಲ್ಲಿ ಹೊರಳಾಡಿಸೋರು, ಕಣ್ಣು ಮುಚ್ಚಿ 'ಆಹಾ, ಎಷ್ಟು ಹಳೇದು!' ಅನ್ನೋರು." ಅಂತ ಬೈತಾ ಬೈತಾನೇ ಮಾವನ್ನ ನೆನೆದು ಸೆರಗಲ್ಲಿ ಕಣ್ಣೊರೆಸ್ಕೊಂಡಳು ಪಾಪ.

"ಹೂಂ ಅಮ್ಮಾ, ಹಂಗೇ ಮಾಡ್ತೀನಿ."

ಭಾನುವಾರ ಚೌರಪ್ಪನಿಗೆ ಹೆಣ್ಣು ನೋಡೋಕೆ ಹೋದ್ರು. ಹುಡುಗಿ ಕಾಫಿ ತಂದಳು. ಚೌರಪ್ಪ ಮೂಸಿದ. ಗಳಗಳ ಅಂತ ಬಾಯಲ್ಲಿ ಹೊರಳಾಡಿಸಿದ. ಕಣ್ಣು ಮುಚ್ಚಿದ. "ಆಹಾ, ಎಷ್ಟು ಹಳೇದು!"

"ಏನಂದೆ? ನಮ್ಮನೇದು ಹಳಸಿದ ಕಾಫಿನಾ?" ಅಂತ ಹುಡುಗಿ ತಾಯಿ ಲೋಟ ಕಿತ್ಕೊಂಡಳು. ಮುಗೀತು ಮದುವೆ!

ದಾರಿಯುದ್ದಕ್ಕೂ ಆರೋಗ್ಯಮ್ಮನ ಮಂಗಳಾರತಿ. "ಕೊಟ್ಟಿದ್ದಕ್ಕೆ ಹೆಸರಿಡ್ತಾರೇನೋ? 'ನೀವೂ ತಗೊಳ್ಳಿ' ಅಂತ ಬೆವರು ಸುರಿಸಿ ಮಾಡಿದೋರಿಗೆ ಮೊದಲು ಕುಡಿಸ್ಬೇಕು ಕಣೋ! ಆಮೇಲೆ ನಾವು!"

"ಹೂಂ ಅಮ್ಮಾ, ಹಂಗೇ ಮಾಡ್ತೀನಿ."

ಹಬ್ಬ ಬಂತು. ಆರೋಗ್ಯಮ್ಮ ಒಲೆ ಮುಂದೆ. "ಚೌರಾ, ದೊಡ್ಡಪ್ಪ ಬರೋ ಹೊತ್ತಾಯ್ತು, ತಾತನ ಜಾಡಿ ಇಳಿಸು."

ಇಳಿಸಿದ. ಯೋಚನೆ ಮಾಡಿದ. ಇದಕ್ಕೆ ದುಡಿದೋರು ಯಾರು? ಹಿತ್ತಲಿಗೆ ಹೋಗಿ ಬಳ್ಳಿ ಬುಡಕ್ಕೆ ಗಳಗಳ ಸುರಿದ. ಒಂದು ಹನಿ ಬಿಡಲಿಲ್ಲ!

ಖಾಲಿ ಜಾಡಿ ನೋಡಿ ಆರೋಗ್ಯಮ್ಮ ಹಣೆ ಚಚ್ಕೊಂಡಳು. "ದುಡಿದಿದ್ದು ಬಳ್ಳಿ ಅಲ್ವಾ ಅಮ್ಮಾ, ಅದಕ್ಕೇ ಕುಡಿಸ್ದೆ" ಅಂದ ಚೌರಪ್ಪ. "ಅಷ್ಟೂ ಕುಡಿಸಿದ್ಯಾ? ಹೋಗಪ್ಪ, ಹೋಗು, ಅಮಲಲ್ಲಿ ಬೀಳದಂಗೆ ಹಿಡ್ಕೊ ಹೋಗು!"

"ಹೂಂ ಅಮ್ಮಾ!"

ರಾಯಪ್ಪ ಕೊಡಲಿ ಹಿಡ್ಕೊಂಡೇ ಬಂದ. ನೋಡಿದ್ರೆ ಚೌರಪ್ಪ ಬಳ್ಳಿ ತಬ್ಬಿ ನಿಂತಿದ್ದಾನೆ.

"ಶ್! ಮೆಲ್ಲಗೆ ಮಾತಾಡು ದೊಡ್ಡಪ್ಪ. ತಾತನ ಜಾಡಿ ಪೂರ್ತಿ ಕುಡಿದಿದೆ."

ಬೈಯೋಕೆ ಅಂತ ರಾಯಪ್ಪ ಹತ್ರ ಹೋದ. ಒದ್ದೆ ಮಣ್ಣಿಂದ ವಾಸನೆ ಎದ್ದು ಬಂತು. ಚಿಕ್ಕೋನಿದ್ದಾಗ ಅಪ್ಪ ಈ ಬಳ್ಳಿ ಚಪ್ಪರದಡಿ ಕೂರಿಸ್ಕೊಂಡು, ಹಬ್ಬದ ದಿನ ವೈನಲ್ಲಿ ಬೆರಳು ಅದ್ದಿ ನೆಕ್ಕಿಸ್ತಿದ್ದ ವಾಸನೆ! ಒಂದು ಚಿಟಿಕೆ ಮಣ್ಣು ತಗೊಂಡು ಮೂಸಿದ. ಕೊಡಲಿ ಕೆಳಗಿಟ್ಟ. ಕಣ್ಣಲ್ಲಿ ನೀರು.

"ಕಡಿಯಲ್ಲ ಬಿಡೋ. ನಡಿ, ಊಟಕ್ಕೆ ಹೋಗೋಣ."

"ಇದೊಂದನ್ನೇ ಬಿಟ್ಟು ಬರೋದಾ? ಬಿದ್ರೆ? ನೀನು ಆ ಕಡೆ ಹಿಡ್ಕೊ, ನಾನು ಉಂಡು ಬರ್ತೀನಿ!"

ಅಂದು ಚೌರಪ್ಪ ಓಡಿದ. ಸ್ವಲ್ಪ ಹೊತ್ತಿಗೆ ಭಾವನ್ನ ಹುಡುಕ್ಕೊಂಡು ಬಂದ ಆರೋಗ್ಯಮ್ಮ ನೋಡ್ತಾಳೆ, ಬಳ್ಳೀನ ತಬ್ಬಿ ಹಿಡಿದು ನಿಂತಿದ್ದಾನೆ ರಾಯಪ್ಪ!