ಕಾಲಡಿಯಲ್ಲಿ ಕುಸಿದ ಬ್ರೇಕು

"ಗುರುಗಳೇ, ನಾನು ಇನ್ನು ಮನೆಗೆ ಹೋಗದೆ ಇಲ್ಲೇ ಉಳಿದುಬಿಡಬಹುದೇ?" ಎಂದು ಗುರುಶಾಂತ ಕೇಳಿದ.

ತಂಗಿಯ ಮದುವೆಗೆಂದು ಊರಿಗೆ ಹೋದವನು ಹಿಂದಿನ ದಿನವಷ್ಟೇ ಆಶ್ರಮಕ್ಕೆ ಮರಳಿದ್ದ. ಮದುವೆ ಮನೆಯಲ್ಲಿ ಅಣ್ಣ ಏನೋ ಅಂದಿದ್ದ. ಇವನಿಗೆ ಸಿಟ್ಟು ಬಂದು, ನೆಂಟರ ಎದುರಿಗೇ ಅಣ್ಣನನ್ನು ಬಾಯಿಗೆ ಬಂದಂತೆ ಬೈದಿದ್ದ. ತಾಯಿ ಎದ್ದು ಒಳಗೆ ಹೋಗಿದ್ದಳು. ಹೊರಡುವಾಗಲೂ ಅವಳು ಮಗನ ಮುಖ ನೋಡಿರಲಿಲ್ಲ.

"ಇಲ್ಲಿರುವಾಗ ನನಗೆ ಸಿಟ್ಟೇ ಬರುವುದಿಲ್ಲ. ಧ್ಯಾನಕ್ಕೆ ಕುಳಿತರೆ ಮನಸ್ಸು ಅಲ್ಲಾಡದೆ ನಿಲ್ಲುತ್ತದೆ. ನನ್ನನ್ನು ಕೆಡಿಸುವುದು ಆ ಮನೆ. ಅಲ್ಲಿಗೆ ಹೋಗದಿದ್ದರೆ ನಾನು ಸರಿಯಾಗಿಯೇ ಇರುತ್ತೇನೆ."

ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಕರಾವಳಿಯ ಒಂದು ಊರಿನಲ್ಲಿ ಪ್ರಫುಲ್ಲಾ ಎಂಬ ಹೆಂಗಸು ಇದ್ದಳು. ಜನರಿಗೆ ಕಾರು ಓಡಿಸಲು ಕಲಿಸುವುದು ಅವಳ ಕೆಲಸ. ಗಂಡ ದಿನಕರ ಮೀನಿಗೆ ಹಾಕುವ ಐಸ್ ತಯಾರಿಸುವ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಇಬ್ಬರಿಗೂ ಒಂದೇ ಹುಚ್ಚು. ದೂರದ ಊರಿನಲ್ಲಿ ಕಾರುಗಳ ಪಂದ್ಯ ನಡೆಯುವ ಟ್ರ್ಯಾಕ್ ಒಂದಿತ್ತು. ಪಂದ್ಯವಿಲ್ಲದ ಕೆಲವು ದಿನ ಅದನ್ನು ಸಾಮಾನ್ಯ ಜನರಿಗೆ ಬಿಟ್ಟುಕೊಡುತ್ತಿದ್ದರು. ಅಲ್ಲಿ ಯಾರನ್ನೂ ಸೋಲಿಸಬೇಕಿಲ್ಲ. ತಮ್ಮ ಕಾರನ್ನು ತಾವೇ ತಂದು, ಆಗುವಷ್ಟು ವೇಗವಾಗಿ ಸುತ್ತಬಹುದು. ಗಂಡಹೆಂಡತಿ ಹಳೆಯ ಕಾರೊಂದನ್ನು ಅದಕ್ಕೆಂದೇ ಇಟ್ಟುಕೊಂಡಿದ್ದರು. ಮನೆಯ ಪಕ್ಕದ ಶೆಡ್ಡಿನಲ್ಲಿ ದಿನಕರ ಅದನ್ನು ಸಿದ್ಧಮಾಡುತ್ತಿದ್ದ. ಟ್ರ್ಯಾಕಿನಲ್ಲಿ ಪ್ರಫುಲ್ಲಾ ಓಡಿಸುತ್ತಿದ್ದಳು.

ಒಂದು ಮಳೆಗಾಲ ಮುಗಿದ ಮೇಲೆ ಅವರು ಟ್ರ್ಯಾಕಿಗೆ ಹೋದರು. ಮೊದಲ ಸುತ್ತುಗಳು ಚೆನ್ನಾಗಿಯೇ ಆದವು. ಆಮೇಲೆ, ಉದ್ದನೆಯ ನೇರ ದಾರಿ ಮುಗಿದು ತಿರುವು ಬರುವಲ್ಲಿ, ಅವಳು ಬ್ರೇಕ್ ಒತ್ತಿದಳು. ಪೆಡಲು ತಡೆಯಲಿಲ್ಲ. ಕೆಸರಿನ ಮೇಲೆ ಕಾಲಿಟ್ಟಂತೆ ಕೆಳಗೆ ಇಳಿಯಿತು. ಕಾರು ತಿರುವು ಬಿಟ್ಟು ಪಕ್ಕದ ಮರಳಿಗೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಕಾರನ್ನು ಮರಳಿನಿಂದ ಎಳೆದು ತರುವಷ್ಟರಲ್ಲಿ ಹೊತ್ತಾಯಿತು. ದಿನಕರ ಒಳಗೆ ಕುಳಿತು ಪೆಡಲು ಒತ್ತಿ ನೋಡಿದ. ಸ್ವಲ್ಪ ಮೆತ್ತಗಿತ್ತು, ಅಷ್ಟೇ. ಚಕ್ರಗಳ ಬಳಿ ಎಲ್ಲಿಯೂ ಬ್ರೇಕ್ ಆಯಿಲ್ ಸೋರಿರಲಿಲ್ಲ. ಮನೆಗೆ ತಂದು ಶೆಡ್ಡಿನಲ್ಲಿ ನಿಲ್ಲಿಸಿ ಮತ್ತೆ ಒತ್ತಿದ. ಈಗ ಕಲ್ಲಿನಂತೆ ಗಟ್ಟಿಯಾಗಿತ್ತು.

ಆದರೂ ಅವನು ಸುಮ್ಮನಿರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದೆಂದು ಬ್ರೇಕ್ ಆಯಿಲ್ ಬದಲಿಸಿ, ಗಾಳಿ ತೆಗೆದ. ಚಕ್ರಗಳನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳನ್ನು ಹೊಸದಾಗಿ ಹಾಕಿದ. ಪೆಡಲು ಒತ್ತಿದರೆ ಆಯಿಲನ್ನು ಚಕ್ರಗಳಿಗೆ ತಳ್ಳುವ ಸಿಲಿಂಡರನ್ನೂ ಬದಲಿಸಿದ. ಪ್ರತಿಯೊಂದು ಕೆಲಸ ಮುಗಿದಾಗಲೂ ಸೀಟಿನಲ್ಲಿ ಕುಳಿತು ಒತ್ತಿ ನೋಡಿದ. ಪ್ರತಿ ಸಲವೂ ಗಟ್ಟಿ.

ಮುಂದಿನ ಸಲ ಟ್ರ್ಯಾಕಿಗೆ ಹೋದಾಗ ಪೆಡಲು ಮತ್ತೆ ಕುಸಿಯಿತು. ಪ್ರಫುಲ್ಲಾ ಹೇಗೋ ಕಾರನ್ನು ದಾರಿಯ ಮೇಲೆಯೇ ಉಳಿಸಿಕೊಂಡು ಹೊರಗೆ ಬಂದಳು.

ದಿನಕರ ಹೇಳಿದ: "ಕಾರಿನಲ್ಲಿ ಬದಲಿಸುವಂಥದ್ದನ್ನೆಲ್ಲ ಬದಲಿಸಿಯಾಯಿತು. ಇನ್ನು ಉಳಿದಿರುವುದು ನಿನ್ನ ಕಾಲು. ಹೆದರಿ ಸರಿಯಾಗಿ ಒತ್ತುತ್ತಿಲ್ಲ ನೀನು."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಾನು ಕಂಡದ್ದನ್ನು ಹೇಳಿದ. ಆದರೆ ಆ ಮಾತು ಪ್ರಫುಲ್ಲಾಳ ಒಳಗೆ ಹೊಕ್ಕಿತು. ಕಲಿಯುವವರ ಪಕ್ಕ ಕುಳಿತಾಗ ಅವಳು ಕಾರಣವಿಲ್ಲದೆ, ಕಲಿಸುವವರಿಗೆಂದು ತನ್ನ ಕಡೆ ಇರುವ ಇನ್ನೊಂದು ಬ್ರೇಕ್ ಒತ್ತತೊಡಗಿದಳು. ಅವರು ಬೆಚ್ಚಿಬೀಳುತ್ತಿದ್ದರು. ಕಡೆಗೆ ಅವಳು ಕಲಿಸುವುದನ್ನೇ ನಿಲ್ಲಿಸಿ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದಳು. ಕಾರನ್ನು ಮಾರಿಬಿಡೋಣ ಎಂದು ದಿನಕರ ಅಂದಾಗ ಅವಳು ಬೇಡವೆನ್ನಲಿಲ್ಲ.

ಆದರೆ ಒಂದು ಮಾತು ಕೇಳಿದಳು.

"ಮಾರುವ ಮೊದಲು ಒಂದು ಸಲ ನೀವು ಓಡಿಸಿ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ನಿಮ್ಮ ಕಾಲಿಗೂ ಹಾಗೆಯೇ ಆಗುತ್ತದೋ ನೋಡೋಣ. ಆಗದಿದ್ದರೆ ನಾನು ಇನ್ನೆಂದೂ ಸ್ಟೇರಿಂಗ್ ಮುಟ್ಟುವುದಿಲ್ಲ."

ದಿನಕರನಿಗೆ ಇಷ್ಟವಿರಲಿಲ್ಲ. ಕಾರಿನ ಒಂದೊಂದು ನಟ್ಟು ಬೋಲ್ಟು ಬಲ್ಲವನು ಅವನು. ಅದನ್ನು ವೇಗವಾಗಿ ಓಡಿಸಿದವನಲ್ಲ. ಆದರೆ ಹೆಂಡತಿಯ ಮುಖ ನೋಡಿ ಒಪ್ಪಿಕೊಂಡ.

ಟ್ರ್ಯಾಕಿನಲ್ಲಿ ಅವಳು ಅವನಿಗೆ, ಕಲಿಯಲು ಬಂದವರಿಗೆ ಹೇಳುವಂತೆಯೇ, ನಿಧಾನವಾಗಿ ಹೇಳಿದಳು. ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡಿಯಬೇಕು. ಮುಂದೆ ಯಾವ ಕಾರೂ ಇಲ್ಲದಿದ್ದಾಗ ಮಾತ್ರ ವೇಗ ಹೆಚ್ಚಿಸಬೇಕು. ಅವನು ಹಾಗೆಯೇ ಮಾಡಿದ. ಮೊದಲು ಪೆಡಲು ಗಟ್ಟಿಯಾಗಿತ್ತು. ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಒಂದೊಂದು ಸುತ್ತಿಗೂ ಧೈರ್ಯ ಬಂತು, ವೇಗ ಹೆಚ್ಚಿತು. ಬ್ರೇಕಿನ ಬಿಸಿಯೂ ಹೆಚ್ಚಿತು. ಚಕ್ರಗಳ ಕಡೆಯಿಂದ ಸುಟ್ಟ ವಾಸನೆ ಬರತೊಡಗಿತು.

ನೇರ ದಾರಿಯ ಕೊನೆಯಲ್ಲಿ ಅವನು ಬ್ರೇಕ್ ಒತ್ತಿದ. ಪೆಡಲು ಅವನ ಕಾಲಡಿಯಲ್ಲಿಯೂ ಕುಸಿಯಿತು.

ಪಕ್ಕದಿಂದ ಹೆಂಡತಿಯ ದನಿ ಕೇಳಿತು. "ಬಿಟ್ಟು ಬಿಟ್ಟು ಒತ್ತಿ. ಗೇರ್ ಇಳಿಸಿ. ಇನ್ನೂ ಜಾಗ ಇದೆ." ಅವಳ ಮಾತಿನಲ್ಲಿ ಹೆದರಿಕೆಯಿರಲಿಲ್ಲ. ಅವಳು ಹೇಳಿದಂತೆ ಅವನು ಮಾಡಿದ. ಕಾರು ನಿಧಾನವಾಯಿತು, ತಿರುವಿನಲ್ಲಿ ತಿರುಗಿತು, ಹೊರದಾರಿ ಹಿಡಿದು ಬಂದು ನಿಂತಿತು.

ದಿನಕರ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕುಳಿತಿದ್ದ. ಆಮೇಲೆ, ಇಷ್ಟು ಕಾಲ ಕೇಳದೆ ಇದ್ದದ್ದನ್ನು ಕೇಳಿದ.

"ನಿನಗೆ ಹೇಗಾಗುತ್ತಿತ್ತು, ಮೊದಲಿನಿಂದ ಹೇಳು."

ಅವಳು ಹೇಳಿದಳು. ಕಾರು ತಣ್ಣಗಿರುವಾಗ ಪೆಡಲು ಗಟ್ಟಿ. ಬ್ರೇಕ್ ಕಾದಂತೆ ಮೆತ್ತಗಾಗುತ್ತದೆ. ಸ್ವಲ್ಪ ನಿಲ್ಲಿಸಿದರೆ ಅರ್ಧ ಗಟ್ಟಿಯಾಗುತ್ತದೆ. ಮನೆಗೆ ಹೋದ ಮೇಲೆ ಪೂರ್ತಿ ಸರಿಹೋಗುತ್ತದೆ.

ದಿನಕರ ಕೆಳಗಿಳಿದ. ಬ್ರೇಕ್ ಇನ್ನೂ ಬಿಸಿಯಾಗಿದ್ದಾಗಲೇ ಕೈಗೆ ದಪ್ಪ ಗವಸು ಹಾಕಿಕೊಂಡು, ಮುಂದಿನ ಚಕ್ರದ ಬಳಿ ಗಾಳಿ ತೆಗೆಯುವ ತಿರುಪು ಸಡಿಲಿಸಿದ. ಹೆಂಡತಿ ಮೆಲ್ಲಗೆ ಪೆಡಲು ಒತ್ತಿದಳು. ತಿರುಪಿಗೆ ಸಿಕ್ಕಿಸಿದ್ದ ಕೊಳವೆಯಲ್ಲಿ ಬರೀ ಆಯಿಲ್ ಬರಲಿಲ್ಲ. ಗುಳ್ಳೆಗಳೂ ಬಂದವು.

ಆಗ ಅವನಿಗೆ ತಿಳಿಯಿತು. ಬ್ರೇಕ್ ಆಯಿಲಿನಲ್ಲಿ ನೀರು ಸೇರಿತ್ತು. ತಣ್ಣಗಿದ್ದಾಗ ಆ ನೀರು ಸುಮ್ಮನಿರುತ್ತದೆ. ಕಾದಾಗ ಕುದಿದು ಆವಿಯಾಗುತ್ತದೆ. ಆಯಿಲನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಅವಳು ಎಷ್ಟು ಬಲವಾಗಿ ಒತ್ತಿದರೂ ಆ ಬಲವೆಲ್ಲ ಆವಿಯನ್ನು ಅದುಮುವುದರಲ್ಲಿಯೇ ಕಳೆದುಹೋಗುತ್ತಿತ್ತು. ಚಕ್ರಕ್ಕೆ ತಲುಪುತ್ತಿರಲಿಲ್ಲ.

ನೀರು ಎಲ್ಲಿಂದ ಬಂತು? ಮನೆಗೆ ಬಂದವನು ಶೆಡ್ಡಿನಲ್ಲಿ ಹುಡುಕಿದ. ಬ್ರೇಕ್ ಆಯಿಲಿನ ಡಬ್ಬಿ ಸಿಕ್ಕಿತು. ಮಳೆಗಾಲಕ್ಕೆ ಮೊದಲೇ ತೆರೆದ ಡಬ್ಬಿ. ಮುಚ್ಚಳ ಸಡಿಲವಾಗಿತ್ತು. ಈ ಆಯಿಲಿನ ಗುಣವೇ ಹಾಗೆ, ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಕಡಲ ತೀರದ ಮಳೆಗಾಲ ಪೂರ್ತಿ, ಕಾರಿನೊಳಗಿದ್ದ ಹಳೆಯ ಆಯಿಲಿನಂತೆಯೇ, ಇದೂ ತೇವ ಕುಡಿಯುತ್ತ ಕುಳಿತಿತ್ತು. ಆಯಿಲ್ ಬದಲಿಸಿದ್ದೇನೆ ಎಂದು ಅವನು ತಿಳಿದಿದ್ದ. ಬದಲಿಸಿದ್ದು ನಿಜ, ಆ ಡಬ್ಬಿಯಿಂದಲೇ.

ಅವನು ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಹೆಂಡತಿಯ ಬಳಿಗೆ ಹೋದ.

"ನಿನ್ನ ಕಾಲಿನದಲ್ಲ ತಪ್ಪು," ಎಂದ. "ಇದು ನೋಡು. ನಾನು ಒಂದು ಸಲವಾದರೂ ನಿನ್ನನ್ನು ಕೇಳಬೇಕಿತ್ತು."

ಪ್ರಫುಲ್ಲಾ ಡಬ್ಬಿ ನೋಡಲಿಲ್ಲ, ಗಂಡನನ್ನು ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖ ಹಗುರವಾಯಿತು. "ನನ್ನ ಕಾಲನ್ನು ನಾನೇ ನಂಬದ ಹಾಗೆ ಆಗಿತ್ತು ರೀ," ಎಂದಳು.

ಇಬ್ಬರೂ ಸೇರಿ ಹಳೆಯ ಆಯಿಲನ್ನೆಲ್ಲ ತೆಗೆದರು. ಆಗತಾನೇ ಸೀಲ್ ಒಡೆದ ಡಬ್ಬಿಯಿಂದ ಹೊಸ ಆಯಿಲ್ ತುಂಬಿದರು. ಒಬ್ಬರು ಪೆಡಲು ಒತ್ತುವುದು, ಇನ್ನೊಬ್ಬರು ತಿರುಪು ಸಡಿಲಿಸುವುದು. ನಾಲ್ಕು ಚಕ್ರಗಳಲ್ಲಿಯೂ ಶುದ್ಧ ಆಯಿಲ್ ಬರುವ ತನಕ ಬಿಡಲಿಲ್ಲ. ಮುಗಿದ ಮೇಲೆ ದಿನಕರ ಸೀಟಿನಲ್ಲಿ ಕುಳಿತು ಒತ್ತಿ ನೋಡಲಿಲ್ಲ. "ಟ್ರ್ಯಾಕಿಗೆ ಹೋಗಿ ನೋಡೋಣ," ಎಂದ.

ಅಲ್ಲಿ ಪ್ರಫುಲ್ಲಾ ಓಡಿಸಿದಳು. ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ. ಬ್ರೇಕ್ ಚೆನ್ನಾಗಿ ಬಿಸಿಯಾಯಿತು. ಸುಟ್ಟ ವಾಸನೆಯೂ ಬಂತು. ಪೆಡಲು ಮಾತ್ರ ಕೊನೆಯ ತಿರುವಿನ ತನಕ ಅವಳ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಮರುವಾರ ಅವಳು ಮತ್ತೆ ಕಲಿಸತೊಡಗಿದಳು. ಕಲಿಯುವವರ ಪಕ್ಕ ಕುಳಿತಾಗ ಅವಳ ಕಾಲು ಸುಮ್ಮನೆ ಇತ್ತು.

ಗುರುಗಳು ಕತೆ ಮುಗಿಸಿದರು.

ಗುರುಶಾಂತ ಹೇಳಿದ: "ತಿಳಿಯಿತು ಗುರುಗಳೇ. ತಪ್ಪು ಮನೆಯದಲ್ಲ, ಅಣ್ಣನದೂ ಅಲ್ಲ. ನನ್ನೊಳಗಿನ ತೇವ ಅಲ್ಲಿ ಕುದಿಯಿತು, ಅಷ್ಟೇ. ಹಾಗಾದರೆ ನಾನು ಇಲ್ಲಿಯೇ ಇದ್ದು ಇನ್ನಷ್ಟು ಧ್ಯಾನ ಮಾಡುತ್ತೇನೆ. ಮನಸ್ಸು ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅಣ್ಣನ ಬಳಿಗೆ ಹೋಗುತ್ತೇನೆ."

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನಿಂತ ಕಾರಿನ ಬ್ರೇಕು ಯಾವಾಗಲೂ ಗಟ್ಟಿಯೇ, ಮಗು."