ಬೆಸುಗೆ ಕಾಣದ ಭಜನೆ

"ಗುರುಗಳೇ, ಹನ್ನೊಂದು ವರ್ಷಗಳಿಂದ ನನ್ನ ಜಪ ಒಂದು ದಿನವೂ ತಪ್ಪಿಲ್ಲ. ಆದರೂ ಆರಂಭಿಸಿದ ಕಡೆಯಲ್ಲೇ ಇದ್ದೇನೆ ಎನಿಸುತ್ತದೆ. ಇದೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಕುಳ್ಳಿರಿಸಿ ಹೇಳತೊಡಗಿದರು.

ಒಂದು ಊರಿನ ಭಜನಾಮಂದಿರದಲ್ಲಿ ಏಳು ದಿನಗಳ ಅಖಂಡ ಭಜನೆಯ ವ್ರತವಿತ್ತು. ನಾಲ್ಕು ನಾಲ್ಕು ಜನ ಸರದಿಯಲ್ಲಿ ಕುಳಿತು ಒಂದೇ ನಾಮವನ್ನು ಹಾಡಬೇಕು. ಹಾಡು ಎಲ್ಲಿಯಾದರೂ ನಿಂತರೆ, ನಿಂತಲ್ಲಿಂದ ಮತ್ತೆ ಏಳು ದಿನ ಎಣಿಸಬೇಕು. ಇದು ಹಿಂದಿನಿಂದ ಬಂದ ಕಟ್ಟಳೆ.

ಮೊದಲ ದಿನವೇ ಮಧ್ಯಾಹ್ನದ ಊಟದ ಹೊತ್ತಿಗೆ ಸ್ವರಗಳು ಸೊರಗಿದವು. ಮಂದಿರದ ಯಜಮಾನರಾದ ಹಿರಿಯರು ಒಬ್ಬ ಧ್ವನಿ ಸಂಕಲನಕಾರನನ್ನು ಕರೆಸಿ, "ಹಾಡುವವರಿಗೆ ಅಡಿಯಲ್ಲೊಂದು ಆಸರೆ ಬೇಕು. ಅವರದೇ ಹಾಡು ನಿಲ್ಲದೆ ತಿರುಗುವಂತೆ ಮಾಡಿಕೊಡು" ಎಂದರು.

ಅವನು ಮಧ್ಯಾಹ್ನದ ನಾಲ್ವರ ಹಾಡನ್ನು ಧ್ವನಿಮುದ್ರಿಸಿ, ತಾಳದ ಹೊಡೆತಕ್ಕೆ ಸರಿಯಾಗಿ ಕತ್ತರಿಸಿ, ಕೊನೆಯನ್ನು ಮೊದಲಿಗೆ ಸೇರಿಸಿದ. ಪ್ರತಿ ಸುತ್ತಿನಲ್ಲೂ ಸೇರಿಸಿದ ಕಡೆ 'ಟಕ್' ಎಂದಿತು. ಕೂದಲೆಳೆಯಷ್ಟು ಹಿಂದೆ ಕತ್ತರಿಸಿದ, ಸದ್ದು ಹೋಗಲಿಲ್ಲ. ಅಳತೆ ಸರಿಯಿದ್ದೂ ಬೆಸುಗೆ ಏಕೆ ಕೂಡುತ್ತಿಲ್ಲವೆಂದು ಅವನಿಗೆ ಹೊಳೆಯಲಿಲ್ಲ.

ಆಗ ಅವನು ಸರದಿ ಬದಲಾಗುವುದನ್ನು ಗಮನಿಸಿದ. ಹಳಬರು ಬಿಡುವ ಮೊದಲೇ ಹೊಸಬರು ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಒಂದು ಸಾಲನ್ನು ಎಂಟು ಕಂಠಗಳೂ ಹಾಡುತ್ತಿದ್ದವು. ಆಮೇಲೆ ಹಳಬರು ಮೆಲ್ಲನೆ ದನಿ ಇಳಿಸಿ ಏಳುತ್ತಿದ್ದರು. ಅವನೂ ಹಾಗೆಯೇ ಹಾಡಿನ ಬಾಲವನ್ನು ಅದರದೇ ತಲೆಯ ಮೇಲೆ ಹಾಸಿ, ಒಂದನ್ನು ಇಳಿಸುತ್ತ ಇನ್ನೊಂದನ್ನು ಏರಿಸಿದ. ಬೆಸುಗೆ ಮಾಯವಾಯಿತು. ಕಣ್ಣು ಮುಚ್ಚಿ ಹುಡುಕಿದರೂ ಅವನಿಗೇ ಸಿಗಲಿಲ್ಲ. ಎರಡನೆಯ ದಿನದಿಂದ ಯಂತ್ರದ ಹಾಡೂ ಜನರ ಹಾಡೂ ಒಂದೇ ಧ್ವನಿವರ್ಧಕದಿಂದ ಹೊರಟವು.

ಏಳನೆಯ ದಿನ ಸಂಜೆ, ಕೊನೆಯ ಸರದಿಯವರು ಹಾಡುತ್ತಿದ್ದಾಗ, ಹಿರಿಯರು ಮಂಗಳಾರತಿಯ ತಟ್ಟೆ ಹಿಡಿದು ನಿಂತರು. ಮಧ್ಯಾಹ್ನದ ಸರದಿಯವನೊಬ್ಬ ಹೇಳಿದ: "ಏನೇ ಅನ್ನಿ ಯಜಮಾನರೇ, ಪಾಯಸದ ದಿನ ನಾವು ನಾಲ್ವರೂ ಒಂದೇ ಪಂಕ್ತಿಯಲ್ಲಿ ಉಂಡದ್ದು ಬಹಳ ಚೆನ್ನಾಗಿತ್ತು."

"ನಾಲ್ವರೂ ಉಂಡಿರೋ? ಹಾಗಾದರೆ ಹಾಡಿದವರು ಯಾರು?"

"ಮುಂದಿನ ಸರದಿಯವರು ಬೇಗ ಬಂದರೆಂದುಕೊಂಡೆವು. ಹಾಡು ಕೇಳಿಸುತ್ತಿತ್ತಲ್ಲ."

"ಪಾಯಸ ಬಾಯಿಗೆ ಬಿದ್ದರೆ ತನ್ನ ದನಿಯೂ ನೆರೆಯವನದ್ದಾಗುತ್ತದೆ. ಅದು ಯಾವ ದಿನ?"

"ಮೂರನೆಯ ದಿನ."

"ಐದನೆಯ ದಿನವೂ ಪಾಯಸವಿತ್ತು" ಎಂದು ಇನ್ನೊಬ್ಬ ತಲೆ ತಗ್ಗಿಸಿದ.

ಹಿರಿಯರು ಸಂಕಲನಕಾರನತ್ತ ತಿರುಗಿದರು. ಏಳು ದಿನಗಳ ಹಾಡೂ ಅವನಲ್ಲಿ ಮುದ್ರಿತವಾಗಿತ್ತು. "ಜನರ ದನಿ ಕೊನೆಯದಾಗಿ ಎಲ್ಲಿ ನಿಂತಿತೋ ಹುಡುಕಿ ಹೇಳು. ಅಲ್ಲಿಂದ ಎಣಿಸುತ್ತೇವೆ" ಎಂದರು.

ಅವನು ಮೂರನೆಯ ದಿನದ ಮಧ್ಯಾಹ್ನವನ್ನು ಕೇಳಿದ, ಐದನೆಯ ದಿನದ್ದನ್ನು ಕೇಳಿದ, ಏಳನೆಯ ದಿನದ್ದನ್ನೂ ಕೇಳಿದ. ಎಲ್ಲೆಲ್ಲೂ ಅದೇ ನಾಲ್ವರು, ಅದೇ ತಾಳ. ಇಲ್ಲಿ ನಿಂತಿತು ಎನಿಸಿದ ಕಡೆ ಇನ್ನೊಮ್ಮೆ ಕೇಳಿದರೆ ಜೀವಂತ ಹಾಡಿತ್ತು. ಅನುಮಾನ ಬಂದು ಮೊದಲ ದಿನವನ್ನು ಕೇಳಿದ. ಅಂದು ಯಂತ್ರವೇ ಇರಲಿಲ್ಲ. ಆದರೆ ಅದೂ ಯಂತ್ರದಂತೆ ಕೇಳಿಸಿತು. ಅವನು ತನ್ನ ಕಿವಿಯನ್ನು ನಂಬದಾದ.

"ಎಲ್ಲಿಂದ ಎಣಿಸಲಿ?" ಎಂದರು ಹಿರಿಯರು.

"ತಿಳಿಯುತ್ತಿಲ್ಲ, ಯಜಮಾನರೇ."

"ಮಾಡಿದವನಿಗೇ ತಿಳಿಯದೇ?"

"ತಿಳಿಯಬಾರದೆಂದೇ ಮಾಡಿದ್ದೆ."

ಹಿರಿಯರು ತಟ್ಟೆಯನ್ನು ಕೆಳಗಿಟ್ಟು ಯಂತ್ರವನ್ನೂ ಹಾಡನ್ನೂ ನಿಲ್ಲಿಸಲು ಹೇಳಿದರು. ಚಾಪೆಯ ಮೇಲೆ ಕುಳಿತು, ಮೊದಲ ದಿನದಂತೆ, ಮೊದಲ ಸಾಲನ್ನು ಎತ್ತಿದರು. ಸಾಲಿನ ತುದಿಯಲ್ಲಿ ಅವರ ಉಸಿರು ತುಂಡಾದದ್ದು ಎಲ್ಲರಿಗೂ ಕೇಳಿಸಿತು. ಸಂಕಲನಕಾರನಿಗೆ ತಾನೂ ಕುಳಿತು ಹಾಡಬೇಕೋ, ಎದ್ದು ಹೋಗಬೇಕೋ ತಿಳಿಯಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟು ಶಿಷ್ಯನ ಮುಖ ನೋಡಿದರು.

"ನಿನ್ನ ಜಪ ನಿಂತದ್ದು ಯಾವ ದಿನ?"