ಮೇಷ್ಟ್ರ ಹಳೆಯ ಗಾಡಿ

"ನಂಬಿದವರನ್ನು ಪರೀಕ್ಷಿಸಿದರೆ ಅವರಿಗೆ ಅವಮಾನ ಮಾಡಿದಂತಲ್ಲವೇ?" ಎಂದು ಗುರುಪಾದ ಕೇಳಿದ.

ಕೇಳಲು ಕಾರಣವಿತ್ತು. ಗುರುಗಳ ಪ್ರವಚನಗಳು ಪುಸ್ತಕವಾಗಿ ಅಚ್ಚಿಗೆ ಹೋಗುವುದಿತ್ತು. ತಪ್ಪುಗಳಿದ್ದರೆ ಗುರುತು ಹಾಕು ಎಂದು ಅವರು ಹಸ್ತಪ್ರತಿಯನ್ನು ಈ ಶಿಷ್ಯನ ಕೈಗೆ ಕೊಟ್ಟಿದ್ದರು. ಅವನು ನಾಲ್ಕು ದಿನ ಇಟ್ಟುಕೊಂಡು, ಒಂದು ಗೆರೆಯನ್ನೂ ಎಳೆಯದೆ, ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದ್ದ. ಗುರುಗಳು ಹಾಳೆಗಳನ್ನು ಪಕ್ಕಕ್ಕಿಟ್ಟು, ಕೂತುಕೋ ಎಂದು ಸನ್ನೆ ಮಾಡಿ, ಒಂದು ಕತೆ ಹೇಳಿದರು.

ಬೆಟ್ಟದ ಹಾಡಿಗಳಲ್ಲಿ ಹೆರಿಗೆ ಮಾಡಿಸುವ ಒಬ್ಬ ನರ್ಸ್ ಇದ್ದಳು. ಹೆಸರು ಕೇತಮ್ಮ. ಹೆರಿಗೆ ಕಷ್ಟವಾದರೆ ಬಸುರಿಯನ್ನು ಕಂಬಳಿಯ ಡೋಲಿಯಲ್ಲಿ ಹೊತ್ತು ಘಾಟಿ ಇಳಿಸಬೇಕಿತ್ತು. ಆ ವರ್ಷ ಒಬ್ಬಳು ದಾರಿಯಲ್ಲೇ ತೀರಿಕೊಂಡಳು. ಇನ್ನೊಬ್ಬಳನ್ನು ಹಾಗೆ ಕಳೆದುಕೊಳ್ಳಲಾರೆ ಎಂದು ಕೇತಮ್ಮ ಒಂದು ಗಾಡಿ ಕೊಳ್ಳಲು ಹೊರಟಳು. ಕಲ್ಲುದಾರಿ ಹತ್ತುವ, ನಾಲ್ಕೂ ಚಕ್ರಕ್ಕೆ ಎಳೆತವಿರುವ ದೊಡ್ಡ ಗಾಡಿ; ಪೇಟೆಯವರು ಎಸ್‌ಯುವಿ ಎನ್ನುವಂಥದ್ದು. ಹೊಸದು ಅವಳ ಕೈಗೆಟುಕುವ ಮಾತಲ್ಲ. ಹಳೆಯದೇ ಆಗಬೇಕು.

ಅವಳಿಗೆ ಅಕ್ಷರ ಕಲಿಸಿದ ಮೇಷ್ಟ್ರು ಘಾಟಿಯ ಮೇಲಿನ ಊರಿನಲ್ಲೇ ಇದ್ದರು. ಹದಿನೈದು ವರ್ಷದ ತಮ್ಮ ಗಾಡಿಯನ್ನು ಮಾರಬೇಕೆಂದಿದ್ದರು. ಅವರ ಬಾಯಲ್ಲಿ ಒಂದು ಸುಳ್ಳು ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಗಾಡಿಯಲ್ಲಿ ಏನೂ ದೋಷವಿಲ್ಲ ಎಂದು ಅವರು ಹೇಳಿಕಳುಹಿಸಿದಾಗ ಕೇತಮ್ಮ ನೋಡುವ ಮೊದಲೇ ಒಪ್ಪಿಬಿಟ್ಟಿದ್ದಳು. ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದದ್ದು ಅವಳ ಅಣ್ಣನ ಕಾಟಕ್ಕೆ. ಹೆಚ್ಚು ಕೆದಕಬೇಡಪ್ಪ ಎಂದು ದಾರಿಯುದ್ದಕ್ಕೂ ಆ ಮೆಕ್ಯಾನಿಕ್‌ಗೆ ಬುದ್ಧಿ ಹೇಳಿದಳು. ನಾಡಿ ಹಿಡಿಯದೆ ಯಾರಿಗೂ ಒಂದು ಮಾತ್ರೆ ಕೊಡದ ಹೆಂಗಸು ಇವಳೇ ನೋಡು.

ಮೆಕ್ಯಾನಿಕ್ ಅವಸರದವನಲ್ಲ. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು, ಮೊದಲೇ ಇಂಜಿನ್ ಕಾಯಿಸಿಟ್ಟು ಕಣ್ಣಿಗೆ ಮಣ್ಣೆರಚುವ ಉಪಾಯ ಇಲ್ಲಿ ನಡೆದಿರಲಿಲ್ಲ. ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡಿದ. ಆಯಿಲ್ ಮುಚ್ಚಳ ಬಿಚ್ಚಿ ಎಣ್ಣೆಗೆ ನೀರು ಸೇರಿ ಒಳಗೆ ಬಿಳಿ ನೊರೆ ಕಟ್ಟಿದೆಯೇ ಎಂದು ನೋಡಿದ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿದ. ಎಲ್ಲವೂ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇತ್ತು. ಅವನು ಬಗ್ಗಿದಾಗಲೆಲ್ಲ ಕೇತಮ್ಮ ನಾಚಿ ನೆಲ ನೋಡುತ್ತಿದ್ದಳು. ಮೇಷ್ಟ್ರ ಹತ್ತಿರ ಏನೇನೋ ಮಾತು ತೆಗೆಯುತ್ತಿದ್ದಳು.

ಮುಂದಿನ ಟೈರೊಂದು ಒಂದೇ ಅಂಚಿಗೆ ಸವೆದಿತ್ತು. ಅದನ್ನು ಕಂಡು ಅವನು ಗಾಡಿಯ ಕೆಳಗೆ ನುಸುಳಿದ. ಸ್ಟಿಯರಿಂಗ್ ಪೆಟ್ಟಿಗೆ ಚಾಸಿಯ, ಅಂದರೆ ಅಡಿಚೌಕಟ್ಟಿನ, ಕಬ್ಬಿಣಕ್ಕೆ ಕೂರುವ ಜಾಗದಲ್ಲಿ ಅವನ ಕೈ ನಿಂತಿತು. ಗಾಡಿಗೆ ದಾರಿ ತೋರುವುದು ಇದೇ ಎಂದು ಮೇಷ್ಟ್ರು ಪ್ರತಿ ಆಯುಧಪೂಜೆಗೂ ಅಲ್ಲೇ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದರು. ವರ್ಷ ವರ್ಷದ್ದು ಸೇರಿ ಗಟ್ಟಿ ಪದರವಾಗಿತ್ತು. ಇನ್ನೊಬ್ಬರ ಗಾಡಿಯ ಪೂಜೆಯನ್ನು ಆ ಕಡೆಯ ಮೆಕ್ಯಾನಿಕ್‌ಗಳು ಅಳಿಸುವುದಿಲ್ಲ. ತೊಳೆಯುವಾಗಲೂ ಅದನ್ನು ಬಿಟ್ಟು ತೊಳೆಯುತ್ತಾರೆ. ಅವನು ಎದ್ದು ಬಂದು ಕೇತಮ್ಮನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಮಿಕ್ಕಿದ್ದೆಲ್ಲ ನೋಡಿವ್ನಿ. ಅದೊಂದ್ ಜಾಗಕ್ಕೆ ನಾನು ಕೈ ಹಾಕಕಿಲ್ಲ. ಮೇಷ್ಟ್ರನ್ನ ನೀವೇ ಕೇಳ್ಬೇಕು."

ಕೇತಮ್ಮನಿಗೆ ಸುಮ್ಮನೆ ಒಪ್ಪಿಕೊಂಡು ಹೊರಟುಬಿಡೋಣ ಎನ್ನಿಸಿತು. ಆದರೆ ಈ ಗಾಡಿಯ ಹಿಂದಿನ ಸೀಟಿನಲ್ಲಿ ಮಲಗುವವರು ತನ್ನನ್ನು ನಂಬಿ ಮಲಗುವವರು. ಅದನ್ನು ನೆನೆದು ಅವಳಿಗೆ ಭಯವಾಯಿತು. ಮೇಷ್ಟ್ರ ಮುಂದೆ ಹೋಗಿ ಕೈ ಮುಗಿದಳು.

"ತಪ್ ತಿಳ್ಕಬೇಡಿ ಸಾ. ಆ ವಿಭೂತಿ ಒರ್ಸಿ ನೋಡ್ಬೇಕು."

ಮೇಷ್ಟ್ರ ಮುಖ ಸಣ್ಣದಾಯಿತು. ತಿರುಗಿ ಒಳಗೆ ಹೋದರು. ಇನ್ನು ಹೊರಗೆ ಬರುವುದಿಲ್ಲ ಎಂದೇ ಅವಳು ಅಂದುಕೊಂಡಳು. ಅವರು ಒಂದು ಒದ್ದೆ ಬಟ್ಟೆ ಹಿಡಿದು ಬಂದರು. ದೇವರಿಗೊಮ್ಮೆ ಕೈ ಮುಗಿದು, ಮೊಣಕಾಲೂರಿ, ಗಾಡಿಯ ಕೆಳಗೆ ಕೈ ಚಾಚಿ ತಾವೇ ಒರೆಸಿದರು. ಕೆಳಗೆ ಕಬ್ಬಿಣ ಬಿರಿದಿತ್ತು. ಬಿರುಕು ಬೆರಳುದ್ದ, ಅಂಚಿಗೆಲ್ಲ ತುಕ್ಕು, ನಿನ್ನೆ ಮೊನ್ನೆಯದಲ್ಲ. ಇನ್ನೊಂದು ದೊಡ್ಡ ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಪೆಟ್ಟಿಗೆ ಕಿತ್ತು ಬರುತ್ತಿತ್ತು, ಆಮೇಲೆ ಚಕ್ರ ಮಾತು ಕೇಳುತ್ತಿರಲಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಮೇಷ್ಟ್ರು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ಅದೇನೂ ರಿಪೇರಿಯಾಗದ ಬಿರುಕಲ್ಲ. ಮೆಕ್ಯಾನಿಕ್ ಮೂರು ದಿನ ಕೂತು, ಕಬ್ಬಿಣದ ಪಟ್ಟಿ ಕೊಟ್ಟು ಬೆಸೆದ. ಗಾಡಿಯನ್ನು ಕೇತಮ್ಮನೇ ಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಒಂಬತ್ತು ಬಾಣಂತಿಯರು ಕೂಸಿನ ಸಮೇತ ಅದರಲ್ಲೇ ಹಾಡಿಗೆ ವಾಪಸು ಬಂದರು. ಒಂದು ಕೂಸಂತೂ ಆಸ್ಪತ್ರೆಯವರೆಗೂ ಕಾಯಲಿಲ್ಲ; ಅರ್ಧ ಘಾಟಿಯಲ್ಲಿ, ಹಿಂದಿನ ಸೀಟಿನಲ್ಲೇ ಹುಟ್ಟಿ ಅತ್ತಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ. ಗಾಡಿ ಚೆನ್ನಾಯಿತು, ಕೂಸುಗಳೂ ಉಳಿದವು, ಸಂತೋಷ. ಆದರೆ ತಾನು ಕೇಳಿದ್ದು ಮೇಷ್ಟ್ರಂಥವರ ವಿಷಯ. ಕಲಿಸಿದ ಶಿಷ್ಯೆಯೇ ಎದುರು ನಿಂತು ಹಾಗೆ ಕೇಳಿದಾಗ ಅವರಿಗೆ ಅವಮಾನವಾಗಲಿಲ್ಲವೇ ಎಂದ.

"ಅವಮಾನವೇನೋ ಆಯಿತು," ಎಂದರು ಗುರುಗಳು. "ಆದರೆ ಗಾಡಿ ಕೈಬಿಡುವ ಮೊದಲು ಕೊನೆಯ ಸಲವೆಂದು, ಮಾರನೆಯ ಬೆಳಿಗ್ಗೆ ಅವರು ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಅದೇ ಗಾಡಿಯಲ್ಲಿ ಘಾಟಿ ಇಳಿಯುವುದಿತ್ತು."